ಒಲೆ ಕಡೆ, ಬಾಗಿಲ ಕಡೆ

ನನ್ನ ತಮ್ಮ ಆರ್ವಿಡ್ ಟಾಲೆಫ್‌ಸನ್ ಅಹಂಕಾರಿ. ಹೆಂಡತಿ ಮಗಳು ಮಾಡಬಹುದಾದ ಕೆಲಸವನ್ನೆಲ್ಲ ತಾನೇ ಮಾಡಿ, ಅವರ ಕೈ ಕಟ್ಟಿ ಕೂರಿಸಿ, ಅದನ್ನೇ ಪ್ರೀತಿ ಎಂದು ನಂಬಿದ್ದ ಮನುಷ್ಯ. ಅವನು ಸತ್ತ ವಾರ ನಮ್ಮ ವಾರಪತ್ರಿಕೆ ‘ಕುಟುಂಬವನ್ನೇ ಪ್ರಾಣವೆಂದು ಬದುಕಿದ ಅಪ್ಪಟ ಕುದುರೆಗಾರ’ ಎಂದು ಬರೆಯಿತು. ಪಾದ್ರಿ ಅದನ್ನೇ ಶವಪೆಟ್ಟಿಗೆಯ ಪಕ್ಕ ನಿಂತು ಓದಿದರು. ಚರ್ಚಿನಲ್ಲಿ ತುಂಬಿದ್ದ ಜನ ತಲೆದೂಗಿದರು. ಮುಂದಿನ ಸಾಲಿನಲ್ಲಿ ಅವನ ಹೆಂಡತಿ ಡೆಲ್ಲಾ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಆ ಕೈಗಳನ್ನೇ ನೋಡುತ್ತಿದ್ದೆ. ನಲವತ್ತೆರಡು ವರ್ಷ ಆ ಕೈಗಳಿಗೆ ಲಗಾಮು ಸಿಗಲಿಲ್ಲ. ಪತ್ರಿಕೆಯಲ್ಲಿ ಆ ವಿಷಯ ಇರಲಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಮೊಂಟಾನಾದ ಬಿಗ್ ಹೋಲ್ ಕಣಿವೆಯಲ್ಲಿ ಚಳಿಗಾಲವೆಂದರೆ ಆರು ತಿಂಗಳು. ಬೇಸಿಗೆಯಲ್ಲಿ ಕೊಯ್ದು ಬಣವೆ ಒಟ್ಟಿದ ಹುಲ್ಲನ್ನು ಆ ಆರು ತಿಂಗಳು ಒಂದು ದಿನವೂ ಬಿಡದೆ ದನಗಳಿಗೆ ಹಂಚಬೇಕು. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿಳಿದ ಬೆಳಗ್ಗೆ ಟ್ರ್ಯಾಕ್ಟರಿನ ಡೀಸೆಲ್ ಗಂಜಿಯಾಗಿ ಕೂರುತ್ತದೆ. ಕುದುರೆ ಮಾತ್ರ ಹೊಟ್ಟೆಗಿಷ್ಟು ಓಟ್ಸ್ ಬಿದ್ದರೆ ಹೊರಡುತ್ತದೆ. ಅದಕ್ಕೇ ನಮ್ಮಲ್ಲಿ ಕೆಲವರು ಇವತ್ತಿಗೂ ಆನೆಮರಿಯಂಥ ಬೆಲ್ಜಿಯನ್ ಕುದುರೆಗಳ ಜೋಡಿಯನ್ನು ಹಿಮಗಾಡಿಗೆ ಕಟ್ಟುತ್ತಾರೆ. ಗಾಡಿಗೆ ಒಬ್ಬನೇ ಆಳು. ಹುಲ್ಲು ಹೇರಿಕೊಂಡು ಬಯಲಿಗೆ ಬಂದ ಮೇಲೆ ಅವನು ಲಗಾಮನ್ನು ಮುಂದಿನ ಗೂಟಕ್ಕೆ ಸುತ್ತಿ, ಕವೆಗೋಲು ಹಿಡಿದು ಹುಲ್ಲು ಕೆಡವುತ್ತ ಹೋಗುತ್ತಾನೆ. ಕುದುರೆಗಳು ತಾವಾಗಿಯೇ ನಡೆಯುತ್ತವೆ. ಹೊರಡುವುದು, ನಿಲ್ಲುವುದು, ಎಡಕ್ಕೆ ಬಲಕ್ಕೆ ತಿರುಗುವುದು ಎಲ್ಲವೂ ಬಾಯಿಮಾತಿನ ಮೇಲೆ. ಹಾಗಾಗಿ ನಮ್ಮ ಕಣಿವೆಯಲ್ಲಿ ಕುದುರೆಗಾರನನ್ನು ಅಳೆಯುವುದು ಅವನ ತೋಳು ನೋಡಿ ಅಲ್ಲ, ದನಿ ಕೇಳಿ.

ಆರ್ವಿಡ್‌ನ ದನಿಗೆ ಸಾಟಿ ಇರಲಿಲ್ಲ. ಒಪ್ಪುತ್ತೇನೆ. ಕೂಗುತ್ತಿರಲಿಲ್ಲ, ಗದರುತ್ತಿರಲಿಲ್ಲ. ಎದೆಯಾಳದಿಂದ ‘ಹೊರಡು’ ಎಂದರೆ ಎರಡು ಟನ್ ಮಾಂಸ ಒಂದೇ ಕಾಲಿಟ್ಟಂತೆ ಹೊರಡುತ್ತಿತ್ತು. ಆದರೆ ಅವನ ಕುದುರೆಗಳು ಅವನೊಬ್ಬನ ದನಿಗೇ ನಡೆಯುತ್ತಿದ್ದವು. ಅದು ಅವು ತೋರಿಸಿದ ನಿಷ್ಠೆ ಎಂದು ಜನ ತಿಳಿದಿದ್ದಾರೆ. ಸುಳ್ಳು. ಅವನೇ ಹಾಗೆ ಕಲಿಸಿದ್ದ. ಎಳೆಯ ಕುದುರೆಗಳನ್ನು ಗಾಡಿಗೆ ಕಟ್ಟಿ, ಯಾರಾದರೂ ಪಕ್ಕದ ಮನೆಯವನನ್ನು ಕರೆದು ‘ಹೊರಡು’ ಎನ್ನಿಸುತ್ತಿದ್ದ. ಅವು ಹೆಜ್ಜೆ ಕಿತ್ತವೋ, ಲಗಾಮು ಜಗ್ಗಿ ನಿಲ್ಲಿಸುತ್ತಿದ್ದ. ಅದೇ ಮಾತನ್ನು ತಾನು ಹೇಳಿ, ನಡೆದರೆ ಅಂಗೈಯಲ್ಲಿ ಓಟ್ಸ್ ಕೊಡುತ್ತಿದ್ದ. ಒಂದು ಚಳಿಗಾಲ ಹೀಗೆ ಮಾಡಿದರೆ ಸಾಕು, ಮತ್ತೆ ದೇವರೇ ಬಂದು ಕೂಗಿದರೂ ಅವು ಕದಲುತ್ತಿರಲಿಲ್ಲ.

ಇದಕ್ಕೊಂದು ಕಾರಣವಿದೆ. ಅದನ್ನು ಅವನ ಪರವಾಗಿ ಹೇಳುವವರು ಬಹಳ. ನಾನೇ ಹೇಳಿಬಿಡುತ್ತೇನೆ. ಅವನಿಗೆ ಒಂಬತ್ತು ವರ್ಷ, ಅವನ ಅಕ್ಕ ನನಗೆ ಹದಿಮೂರು. ಅಪ್ಪ ಊರಲ್ಲಿರಲಿಲ್ಲ, ಅಮ್ಮ ಹುಲ್ಲು ಹಾಕುತ್ತಿದ್ದಳು. ಗಾಡಿ ನಿಲ್ಲಿಸಿ ಲಗಾಮನ್ನು ಎಡಗೈಗೆ ಸುತ್ತಿಕೊಂಡು ಗೂಟದ ಗಂಟು ಬಿಚ್ಚುತ್ತಿದ್ದಾಗ ರಸ್ತೆಯಲ್ಲಿ ಹೋಗುತ್ತಿದ್ದ ನಮ್ಮ ಸೋದರಮಾವ ತಮಾಷೆಗೆಂದು ‘ಹೊರಡು!’ ಎಂದು ಕೂಗಿದ. ಕುದುರೆಗಳು ಹೊರಟವು. ಅಮ್ಮನನ್ನು ಬೇಲಿಯವರೆಗೂ ಹಿಮದ ಮೇಲೆ ಎಳೆದೊಯ್ದವು. ಎರಡು ಬೆರಳು ಹೋದವು. ನಾವಿಬ್ಬರೂ ಬಾಗಿಲಲ್ಲಿ ನಿಂತು ನೋಡಿದೆವು. ಒಂದು ತಿಂಗಳಿಗೆ ಅಮ್ಮ ಮೂರು ಬೆರಳಿನ ಕೈಗವಸು ಹೊಲಿದುಕೊಂಡು ಮತ್ತೆ ಗಾಡಿ ಹತ್ತಿದಳು. ಬೆರಳು ಕಳೆದುಕೊಂಡವಳಿಗೆ ಹೆದರಿಕೆ ಬರಲಿಲ್ಲ. ನೋಡುತ್ತ ನಿಂತವನಿಗೆ ಬಂತು. ಆ ಹೆದರಿಕೆಯ ದಂಡವನ್ನು ಕಟ್ಟಿದವಳು ಡೆಲ್ಲಾ. ಆರ್ವಿಡ್‌ನ ಪರ ಮಾತಾಡುವವರಿಗೆ ನಾನು ಹೇಳುವುದಿಷ್ಟು: ಆ ಬಾಗಿಲಲ್ಲಿ ನಾನೂ ನಿಂತಿದ್ದೆ.

ಡೆಲ್ಲಾ ನಮ್ಮ ಕಣಿವೆಯವಳಲ್ಲ. ಬೆಟ್ಟದಾಚೆ ಕಾಡಿನಲ್ಲಿ ಕುದುರೆಗಳಿಂದ ಮರದ ದಿಮ್ಮಿ ಎಳೆಸುತ್ತಿದ್ದವನ ಮಗಳು. ಹದಿನೈದನೇ ವಯಸ್ಸಿಗೆ ನಾಲ್ಕು ಕುದುರೆಗಳನ್ನು ಒಟ್ಟಿಗೆ ನಡೆಸುತ್ತಿದ್ದಳು. ಅವಳಪ್ಪ ಒಂದೇ ಕೋಣೆಯ ಗುಡಿಸಲಲ್ಲಿ ಮಕ್ಕಳಿಗೆ ಎಡಬಲ ಕಲಿಸಿದ್ದೂ ಹೊರಗೆ ಕುದುರೆಮರಿಗಳಿಗೆ ಕಲಿಸಿದ್ದೂ ಒಂದೇ ಪಾಠ. ಒಲೆ ಇದ್ದದ್ದು ಎಡಕ್ಕೆ, ಬಾಗಿಲು ಬಲಕ್ಕೆ. ಹಾಗಾಗಿ ಅವಳ ಕುದುರೆಗಳಿಗೆ ಎಡ ಎಂದರೆ ‘ಒಲೆ ಕಡೆ’, ಬಲ ಎಂದರೆ ‘ಬಾಗಿಲ ಕಡೆ’. ಹೊರಡಿಸುವಾಗ ‘ನಡೀರಿ ದೊರೆಗಳೇ’, ನಿಲ್ಲಿಸುವಾಗ ‘ಸಾಕು ದೊರೆಗಳೇ’.

ಆರ್ವಿಡ್ ಅವಳನ್ನು ನೋಡಿದ್ದು ಜಿಲ್ಲೆಯ ಪಂದ್ಯದಲ್ಲಿ. ನೆಲಕ್ಕೆ ಹೊಡೆದ ಗೂಟಗಳ ನಡುವೆ, ಒಂದನ್ನೂ ತಾಗಿಸದೆ, ದಿಮ್ಮಿಯನ್ನು ಎಳೆಸಬೇಕು. ಆರ್ವಿಡ್‌ನ ಜೋಡಿ ಒಂದು ಗೂಟ ಉರುಳಿಸಿತು. ಡೆಲ್ಲಾಳ ಕರಿಯ ಕುದುರೆಗಳು ಅಡುಗೆಮನೆಯಲ್ಲಿ ಓಡಾಡುವ ಹೆಂಗಸಿನ ಹಾಗೆ ನುಣುಪಾಗಿ ಹೋಗಿ ಬಂದವು. ಪಂದ್ಯ ಮುಗಿದ ಮೇಲೆ ಆರ್ವಿಡ್ ಅವಳ ಬಳಿ ಹೋದ. ನಾನು ಪಕ್ಕದಲ್ಲಿದ್ದೆ.

“ಬಟ್ಟ ಬಯಲಲ್ಲಿ ಒಲೆ ಎಲ್ಲಿಂದ ಬಂತಮ್ಮಾ?” ಎಂದ.

“ನಿನ್ ಕುದ್ರೆಗೆ ಕಾಣ್ಲಿಲ್ಲ ಬಿಡು. ನನ್ನವಕ್ಕೆ ಕಾಣ್ತು. ಅದಕ್ಕೇ ನೀನು ಎರಡನೇವ್ನು,” ಎಂದಳು ಅವಳು, ಕುದುರೆಯ ಕೊರಳಪಟ್ಟಿ ಬಿಚ್ಚುತ್ತ, ತಿರುಗಿಯೂ ನೋಡದೆ.

ಮುಂದಿನ ಜೂನ್‌ನಲ್ಲಿ ಅವರ ಮದುವೆಯಾಯಿತು. ಅವಳಪ್ಪ ಅಷ್ಟರಲ್ಲಿ ತೀರಿಕೊಂಡಿದ್ದ. ಕರಿಯ ಕುದುರೆಗಳು ಬೇರೆಯವರ ಪಾಲಾಗಿದ್ದವು.

ಆ ಬೇಸಿಗೆ ಹುಲ್ಲು ಕೊಯ್ಲಿನಲ್ಲಿ, ಹನ್ನೆರಡು ಮಂದಿ ಗಂಡಸರ ಎದುರು, ಡೆಲ್ಲಾ ಆರ್ವಿಡ್‌ನ ಗಾಡಿ ಹತ್ತಿ ಲಗಾಮು ತೆಗೆದುಕೊಂಡು “ನಡೀರಿ ದೊರೆಗಳೇ” ಎಂದಳು. ಕುದುರೆಗಳು ಕಲ್ಲಿನಂತೆ ನಿಂತವು. ಕ್ಲೆಮ್ ರಡಾಕ್ ಎಂಬ ನೆರೆಯವನು, ಆಗಿನ್ನೂ ಮೀಸೆ ಬಲಿಯದವನು, ನಕ್ಕ. ಅದನ್ನು ನೋಡಿ ಆರ್ವಿಡ್ ಕೂಡ ನಕ್ಕ.

“ನೋಡ್ರಪ್ಪಾ, ನಮ್ಮನೆಯೋಳು ಕುದ್ರೆಗೆ ಅರ್ಜಿ ಬರೀತಾಳೆ!”

ಹನ್ನೆರಡು ಮಂದಿಯೂ ನಕ್ಕರು. ಆರ್ವಿಡ್ ಗಾಡಿ ಹತ್ತಿ ಅವಳ ಕೈಯಿಂದ ಲಗಾಮನ್ನು ಮೆತ್ತಗೆ ಬಿಡಿಸಿಕೊಂಡ. “ಹುಟ್ಟಿದಾಗಿಂದ ಕಷ್ಟಪಟ್ಟಿದ್ದು ಸಾಕು, ಡೆಲ್ಲಾ. ಇನ್ನು ನಾನಿದ್ದೀನಲ್ಲ,” ಎಂದ. ಪ್ರೀತಿಯಿಂದಲೇ ಎಂದ. ನನಗೆ ಮೈ ಉರಿಯುವುದೇ ಅದಕ್ಕೆ. ಆ ದಿನದ ಮಟ್ಟಿಗೆ ಎಂದು ಅವಳು ತಿಳಿದಳು. ಆಮೇಲೆ ಅವನೆದುರು ಅವಳು ಕುದುರೆಗೆ ತನ್ನ ಆ ಮಾತುಗಳನ್ನು ಆಡಲೇ ಇಲ್ಲ.

ಅವನು ಒಳ್ಳೆಯ ಗಂಡನಲ್ಲವೇ ಎಂದು ಕೇಳಬೇಡಿ. ಕುಡಿಯಲಿಲ್ಲ. ಒಂದು ದಿನವೂ ರಾತ್ರಿಯೂಟಕ್ಕೆ ತಡವಾಗಿ ಬರಲಿಲ್ಲ. ಬೆಳಗಾದರೆ ಅವಳ ಬೂಟುಗಳನ್ನು ಒಲೆಯ ಬಳಿ ಬೆಚ್ಚಗಿಟ್ಟು ಹೊರಡುತ್ತಿದ್ದ. ಮಗಳು ಜೋಲೀನ್‌ಳನ್ನು ಹತ್ತೊಂಬತ್ತು ಮೈಲಿ ದೂರದ ಶಾಲೆಗೆ ಹಿಮಗಾಳಿಯಲ್ಲೂ ಬಿಟ್ಟು ಕರೆತರುತ್ತಿದ್ದ. ಇದೆಲ್ಲ ನಿಜ. ಬೂಟು ಬೆಚ್ಚಗಿಟ್ಟ, ಅವುಗಳನ್ನು ಮೆಟ್ಟಿಕೊಂಡು ಹೋಗಬೇಕಾದ ಜಾಗವನ್ನು ಕಿತ್ತುಕೊಂಡ. ಎರಡನ್ನೂ ಒಂದೇ ಮುಖ ಇಟ್ಟುಕೊಂಡು ಮಾಡಿದ.

ಜೋಲೀನ್ ಹತ್ತನೇ ವಯಸ್ಸಿಗೆ ಕೇಳಿದಳು: “ಅಪ್ಪಾ, ಲಗಾಮು ಹಿಡಿಲಾ?”

“ದೊಡ್ಡೋಳಾಗು.”

ಹದಿನೈದಕ್ಕೆ ಕೇಳಿದಳು. “ನಾನಿರೋವಾಗ ನಿಂಗ್ಯಾಕೆ ಮಗಳೇ ಈ ಚಳಿ?” ಎಂದ. ಹದಿನೆಂಟಕ್ಕೆ ಅವಳು ಕೇಳಲಿಲ್ಲ. ಬ್ಯೂಟ್ ಪಟ್ಟಣಕ್ಕೆ ಹೋದಳು. ಈಗ ಹೆದ್ದಾರಿಯ ಹಿಮ ತೆಗೆಯುವ, ಮನೆಯಷ್ಟು ಎತ್ತರದ ಯಂತ್ರ ಓಡಿಸುತ್ತಾಳೆ. ಅದನ್ನು ಯಾರ ಅನುಮತಿಯನ್ನೂ ಕೇಳದೆ ಕಲಿತಳು.

ಇನ್ನು ಎಲ್ಲರೂ ನಗುತ್ತ ಹೇಳುವ ಕಥೆ. ಸಾವಿನ ಮನೆಯ ಊಟದಲ್ಲೂ ಇದನ್ನು ಎರಡು ಸಲ ಕೇಳಿದೆ. ೧೯೮೯ರ ಫೆಬ್ರವರಿಯಲ್ಲಿ ಕರು ಹಾಕುತ್ತಿದ್ದ ಹಸುವೊಂದು ಆರ್ವಿಡ್‌ನನ್ನು ಕೊಟ್ಟಿಗೆಯ ಗೋಡೆಗೆ ಒತ್ತಿ ತೊಡೆಮೂಳೆ ಮುರಿಯಿತು. ಸೊಂಟದಿಂದ ಪಾದದವರೆಗೆ ಪಟ್ಟಿ ಹಾಕಿ ಮಂಚಕ್ಕೆ ಹಾಕಿದರು. ಬಯಲಲ್ಲಿ ಇನ್ನೂರ ನಲವತ್ತು ದನ. ಎಲ್ಲರ ಟ್ರ್ಯಾಕ್ಟರುಗಳೂ ಸೆಟೆದು ನಿಂತಿದ್ದವು. ನೆರೆಯವರಿಗೆ ಅವರವರ ದನಗಳೇ ಸಾಕಾಗಿದ್ದವು. ಡೆಲ್ಲಾ ಸಜ್ಜು ತೊಡಿಸಿದಳು, ಹುಲ್ಲು ಹೇರಿದಳು, ಗಾಡಿ ಹತ್ತಿದಳು. ಆರ್ವಿಡ್‌ನ ಮಾತನ್ನೇ ಹೇಳಿದಳು, ‘ಹೊರಡು’ ಎಂದು. ಕುದುರೆಗಳು ಕತ್ತು ತಿರುಗಿಸಿ ಮನೆಯ ಕಡೆ ನೋಡಿದವು.

ಆಗ ಅವನು ಮಾಡಿದ್ದೇನು? ಮಂಚವನ್ನು ಕಿಟಕಿಗೆ ತಳ್ಳಿಸಿ, ಹೊರಗೆ ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗಿರುವಾಗ ಕಿಟಕಿ ತೆರೆಸಿ, ಕಂಬಳಿ ಹೊದ್ದು ಮಲಗಿದಲ್ಲಿಂದಲೇ ‘ಹೊರಡು’ ಎಂದ. ಕುದುರೆಗಳು ಹೊರಟವು! ಜನ ಇಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆರು ವಾರ ಹಾಗೆ ನಡೆಯಿತು. ಕಿಟಕಿಯ ದನಿ ಬೇಲಿಯಿಂದಾಚೆಗೆ ಕೇಳುವುದಿಲ್ಲವಾದ್ದರಿಂದ ದನಗಳನ್ನೆಲ್ಲ ಮನೆಯಂಗಳಕ್ಕೇ ಹೊಡೆದುಕೊಂಡು ಬಂದು ಅಲ್ಲೇ ಹುಲ್ಲು ಹಾಕಿದರು. ಮಾರ್ಚ್ ಹೊತ್ತಿಗೆ ಸಗಣಿ ಕಿಟಕಿಯ ಚೌಕಟ್ಟಿನ ಮಟ್ಟಕ್ಕೆ ಬಂದಿತ್ತು.

ನಗುವವರು ಒಂದು ಮಾತು ಬಿಡುತ್ತಾರೆ. ಪಶುವೈದ್ಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ನಾನು ರಜೆ ಹಾಕಿ ಆ ಆರರಲ್ಲಿ ಮೊದಲ ವಾರ ಅಲ್ಲಿದ್ದೆ, ಕಿವಿಯಾರೆ ಕೇಳಿದ್ದೇನೆ. ಡೆಲ್ಲಾ ಗಾಡಿಯ ಮೇಲೆ ನಿಂತು ಹುಲ್ಲು ಕೆಡವುತ್ತಿದ್ದಳು. ಮೊದಲ ದಿನ ಒಂದು ಎಳೆಗರು ಗಾಡಿಗೆ ಅಡ್ಡ ಬಂತು. ಅವಳು “ಅಯ್ಯೋ, ನಿಲ್ಲಿ ನಿಲ್ಲಿ!” ಎಂದು ಕೂಗಿದಳು. ಎರಡು ದನಿ ಕೇಳಿ ಕುದುರೆಗಳು ಗಲಿಬಿಲಿಗೊಂಡು ಗಾಡಿ ಒಂದು ಕಡೆ ಎದ್ದಿತು. ಕಿಟಕಿಯಿಂದ ಕೂಗು ಬಂತು:

“ನೀನು ಬಾಯಿ ಮುಚ್ಕೊಂಡಿರು, ಡೆಲ್ಲಾ!”

ಅವಳು ಮುಚ್ಚಿಕೊಂಡಳು. ಆರು ವಾರ, ತನ್ನದೇ ಅಂಗಳದಲ್ಲಿ, ತನ್ನದೇ ಗಾಡಿಯ ಮೇಲೆ, ಆ ಪಂದ್ಯ ಗೆದ್ದ ಹೆಂಗಸು ಒಂದು ಮಾತೂ ಆಡದೆ ಹುಲ್ಲು ಕೆಡವಿದಳು. ಒಂದು ಕೆನ್ನೆ ಚಳಿಗೆ ಸುಟ್ಟು ಕಪ್ಪಾಯಿತು. ಆ ಕಲೆ ಇವತ್ತಿಗೂ ಇದೆ.

ನಾನು ಅವನ ಕೋಣೆಗೆ ಹೋಗಿ ಕಿಟಕಿ ಹಾಕಿದೆ.

“ಅವಳಿಗೊಂದು ಜೋಡಿ ಪಳಗಿಸಿಕೊಡು. ಅಥವಾ ಅವಳೇ ಪಳಗಿಸ್ಕೊತಾಳೆ, ನೀನು ಸುಮ್ಮನಿರು,” ಎಂದೆ.

“ಕಿಟಕಿ ತೆಗಿ, ಪ್ರೊಫೆಸರಮ್ಮ.”

“ಅವಳು ನಿನಗಿಂತ ಒಳ್ಳೆ ಕುದುರೆಗಾರ್ತಿ. ನಿಂಗೂ ಗೊತ್ತು.”

“ಗೊತ್ತು.”

“ಮತ್ತೆ?”

“ಅಮ್ಮನೂ ಒಳ್ಳೆ ಕುದುರೆಗಾರ್ತಿನೇ ಆಗಿದ್ಳು,” ಎಂದ. “ಕಿಟಕಿ ತೆಗಿ, ಸಿಗ್ರಿಡ್. ಗಾಡಿ ನಿಂತಿದೆ.”

ಕಿಟಕಿ ತೆರೆದು ಹೊರಬಂದೆ. ಆಮೇಲೆ ಹದಿನಾಲ್ಕು ವರ್ಷ ಆ ಮನೆಗೆ ಹೋದಾಗಲೆಲ್ಲ ಡೆಲ್ಲಾಳ ಅತಿಥಿಯಾಗಿ ಹೋದೆ, ಅವನ ಅಕ್ಕನಾಗಿ ಅಲ್ಲ. ಅವನಿಗೆ ಅದು ತಿಳಿಯಲಿಲ್ಲ ಎಂದೇ ಅನಿಸುತ್ತದೆ. ನಾನು ಬಂದರೆ ನನ್ನ ಬೂಟುಗಳನ್ನೂ ಒಲೆಯ ಬಳಿ ಇಡುತ್ತಿದ್ದ.

ನಿವೃತ್ತಿಯಾದ ಮೇಲೆ ನಾನು ಕಣಿವೆಗೆ ವಾಪಸು ಬಂದು ಅವರ ಮನೆಯಿಂದ ಎರಡು ಮೈಲಿಯಾಚೆ ನೆಲೆಸಿದೆ. ೨೦೧೪ರಲ್ಲಿ ಅವನು ಒಂದು ಎಳೆಯ ಜೋಡಿ ತಂದ. ಜೇನಿನ ಬಣ್ಣ, ಬಿಳಿಯ ಬಾಲ. ಬಿಷಪ್, ಡೀಕನ್ ಎಂದು ಹೆಸರು. “ಮತ್ತೆ ನಿನ್ನ ಬಾಯಿಗೇ ಕಟ್ಟಿಹಾಕ್ತಿಯೋ?” ಎಂದು ಕೇಳಿದೆ. “ನೋಡೋಣ,” ಎಂದ. ಮಾರನೆಯ ವರ್ಷದಿಂದ ಅವನ ದನಿ ಒಡೆಯತೊಡಗಿತು. ಶೀತ ಎಂದ, ಧೂಳು ಎಂದ. ಗಂಟಲಲ್ಲಿ ಗಡ್ಡೆ ಇದೆಯೆಂದು ವೈದ್ಯರು ಹೇಳಿ ಒಂದು ವರ್ಷವಾಗಿತ್ತೆಂದು ನಮಗೆ ತಿಳಿದದ್ದು ಬಹಳ ತಡವಾಗಿ.

ಆ ಎರಡು ಚಳಿಗಾಲ ಅವನು ಹೊಸ ಜೋಡಿಯನ್ನು ಗುಡ್ಡದಾಚೆಯ ಬಯಲಿಗೆ ಕರೆದೊಯ್ದು ಪಳಗಿಸಿದ. ಡೆಲ್ಲಾ ತಾನೂ ಬರುತ್ತೇನೆಂದರೆ, “ಎಳೇವು, ಬೆದರ್ತವೆ, ಯಾರೂ ಬರಬೇಡಿ” ಎನ್ನುತ್ತಿದ್ದ. ನೆರೆಯವರನ್ನೂ ಕರೆಯಲಿಲ್ಲ. ಡೆಲ್ಲಾ ಅಡುಗೆಮನೆಯ ಕಿಟಕಿಯಿಂದ ಗಾಡಿ ಗುಡ್ಡ ಹತ್ತಿ ಮರೆಯಾಗುವುದನ್ನು ನೋಡುತ್ತಿದ್ದಳು. ಒಂದು ಬೆಳಗ್ಗೆ ನಾನು ಅಲ್ಲಿದ್ದಾಗ ಅವಳು ಅವನ ದಾರಿಗೆ ಅಡ್ಡ ನಿಂತು ಕೇಳಿದಳು. ಅಷ್ಟು ವರ್ಷಗಳಲ್ಲಿ ನಾನು ಕಂಡ ಮಟ್ಟಿಗೆ ಅದೊಂದೇ ಸಲ.

“ಆರ್ವಿಡ್, ನಿನ್ ದನಿ ಹೋಗ್ತಿದೆ. ನಾಳೆ ನೀನು ಮಲಗಿದ್ರೆ ದನಗಳ ಗತಿ ಏನು? ನಂಗೆ ಬಿಟ್ಕೊಡು. ನನ್ ದನಕ್ಕೆ ನಾನು ಹುಲ್ಲು ಹಾಕ್ಬೇಕು. ಸಾಯೋದ್ರೊಳಗೆ ಒಂದು ಚಳಿಗಾಲನಾದ್ರೂ ನನ್ ಕೈಲಿ ನಾನು ಹಾಕ್ಬೇಕು.”

“ನೋಡೋಣ,” ಎಂದು ಪಿಸುಗುಟ್ಟಿ ಅವನು ಅವಳ ಕೊರಳಿನ ವಸ್ತ್ರ ಸರಿಮಾಡಿ ಹೊರಟುಹೋದ. ಅವಳು ಬಾಣಲೆಯನ್ನು ಎತ್ತಿ ಕುಕ್ಕಿದ ಸದ್ದು ಅಂಗಳಕ್ಕೂ ಕೇಳಿರಬೇಕು.

ಕೊನೆಗೆ ಮಿಸೂಲಾದ ಆಸ್ಪತ್ರೆಯಲ್ಲಿ ದನಿ ಪೂರ್ತಿ ಹೋಯಿತು. ಕಾಗದದ ಮೇಲೆ ಬರೆಯುತ್ತಿದ್ದ. ಡೆಲ್ಲಾಗೆ ಬರೆದುಕೊಟ್ಟ ಕೊನೆಯ ಚೀಟಿಯಲ್ಲಿ ಇದ್ದದ್ದು ಎರಡೇ ಮಾತು: ‘ಜೋಡಿ ಮಾರಬೇಡ.’ ಅವಳು ನನಗೆ ತೋರಿಸಿದಳು. ನನಗೆ ತಲೆ ಸಿಡಿಯುವಷ್ಟು ಸಿಟ್ಟು ಬಂತು. ಹೆಂಡತಿಗೆ ಕದಲದ ಕುದುರೆಗಳನ್ನು ಅವಳ ಕೊರಳಿಗೆ ಕಟ್ಟಿ ಹೋಗುತ್ತಿದ್ದಾನೆ; ಸಾಯುವಾಗಲೂ ಹುಕುಂ. ನವೆಂಬರ್ ಮೊದಲ ವಾರ ಸತ್ತ.

ದಫನಾದ ಹತ್ತು ದಿನಕ್ಕೆ ನಾನು ಕ್ಲೆಮ್ ರಡಾಕ್‌ಗೆ ಫೋನ್ ಮಾಡಿದೆ. ಹಿಮ ಗಟ್ಟಿಯಾಗುವ ಮುನ್ನ ಕುದುರೆ, ದನ ಎರಡನ್ನೂ ವಿಲೇವಾರಿ ಮಾಡಬೇಕು. ಡೆಲ್ಲಾ ಬ್ಯೂಟ್‌ಗೆ ಮಗಳ ಬಳಿ ಹೋಗಲಿ. ಅದೇ ಸರಿಯಾದ ತೀರ್ಮಾನವಾಗಿತ್ತು. ಅವಳಿಗೆ ಆಮೇಲೆ ಹೇಳಿದೆ.

ಡೆಲ್ಲಾ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ನನ್ನ ಕೇಳಿದ್ಯಾ?”

“ಹುಚ್ಚು ಹಿಡಿದಿದೆಯಾ ನಿನಗೆ? ಆ ಕುದುರೆ ನಿನ್ನ ಮಾತು ಕೇಳೋದಿಲ್ಲ. ದನ ಹಸಿದು ಸಾಯ್ತವೆ.”

“ನನ್ನ ಕೇಳಿದ್ಯಾ ಅಂದೆ.”

ನಾನು ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದೆ.

“ಅಕ್ಕ ತಮ್ಮ ಇಬ್ರೂ ಒಂದೇ ಅಚ್ಚಲ್ಲಿ ಬಿದ್ದೋರು,” ಎಂದಳು. “ಅವನಾದ್ರೂ ನನ್ ಬೂಟು ಬೆಚ್ಚಗಿಡ್ತಿದ್ದ.”

ಹಿಟ್ಟನ್ನು ತಟ್ಟೆಗೆ ಎಸೆದು ಬಟ್ಟೆ ಮುಚ್ಚಿದಳು. ಬೇಡ ಎನ್ನಲಿಲ್ಲ. ಬೇಡ ಎನ್ನುವುದಕ್ಕೆ ಅವಳ ಬಳಿ ಆಧಾರವಿರಲಿಲ್ಲ. ಹಾಗೆ ಅವಳನ್ನು ನಿಲ್ಲಿಸಿದ್ದು ಆರ್ವಿಡ್.

ಮಾರನೆಯ ದಿನ ಬೆಳಗ್ಗೆ ಹತ್ತರ ಹೊತ್ತಿಗೆ ಕ್ಲೆಮ್ ಬಂದ, ಕುದುರೆ ಸಾಗಿಸುವ ಲಾರಿ ತೆಗೆದುಕೊಂಡು. ಈಗ ಅವನ ಮೀಸೆ ಪೂರ್ತಿ ಬೆಳ್ಳಗಾಗಿದೆ. ರಜೆ ಹಾಕಿ ಜೋಲೀನ್ ಕೂಡ ಬಂದಿದ್ದಳು. ನಸುಹಿಮ ಬಿದ್ದಿತ್ತು, ದನಗಳು ಬೇಲಿಯಾಚೆ ಸಾಲಾಗಿ ನಿಂತು ಕೂಗುತ್ತಿದ್ದವು. ಬಯಲಿನ ಹುಲ್ಲು ಮುಗಿದಿತ್ತು.

“ಕೊಳ್ಳೋ ಮುಂಚೆ ಒಂದು ಸುತ್ತು ನೋಡ್ಬಿಡ್ತೀನಿ ಡಾಕ್ಟ್ರೇ,” ಎಂದು ಕ್ಲೆಮ್ ನನಗೆ ಹೇಳಿದ. ಡೆಲ್ಲಾಗೆ ಹೇಳಲಿಲ್ಲ. ಬಿಷಪ್, ಡೀಕನ್ ಎರಡಕ್ಕೂ ಸಜ್ಜು ಹಾಕಿ ಹಿಮಗಾಡಿಗೆ ಕಟ್ಟಿದ. ಗಾಡಿ ಹತ್ತಿ ಲಗಾಮು ಹಿಡಿದು, ಸತ್ತವನ ದನಿಯನ್ನೇ ಅಣಕಿಸುವಂತೆ ಎದೆಯಿಂದ “ಹೊರಡು” ಎಂದ.

ಕದಲಲಿಲ್ಲ.

“ಹೊರಡ್ರೋ!” ಲಗಾಮಿನಿಂದ ಬೆನ್ನ ಮೇಲೆ ತಟ್ಟಿದ. ಕಿವಿ ಹಿಂದಕ್ಕೆ ಮಡಚಿದವು, ಕಾಲು ಕೀಳಲಿಲ್ಲ.

“ಇಕೋ, ಶುರುವಾಯ್ತು ನೋಡಿ! ಸತ್ರೂ ಆರ್ವಿಡ್ ಆರ್ವಿಡ್ಡೇ!” ಎಂದು ಕ್ಲೆಮ್ ನಕ್ಕ. “ಗೋರಿಯಿಂದ ಕೂಗ್ಬೇಕೇನೋ, ಕಿಟಕಿ ತೆಗೆಸಿ!”

“ನಕ್ಕಿದ್ದು ಸಾಕು ಕ್ಲೆಮ್ ಮಾವ,” ಎಂದಳು ಜೋಲೀನ್. “ಇಳೀರಿ ಕೆಳಗೆ.”

“ಇಳಿದ್ರೆ ಮಾತ್ರ ಏನ್ ನಡೀತವಾ? ಕೋಲು ತಾ, ಒಂದೆರಡು ಬಿಗಿದ್ರೆ—”

“ಕೋಲು ಮುಟ್ಟಿದ್ರೆ ನಿನ್ ಕೈ ಮುರೀತೀನಿ,” ಎಂದಳು ಡೆಲ್ಲಾ. ಮೆಟ್ಟಿಲಿಳಿದು ಬರುತ್ತಿದ್ದಳು, ಹಿಟ್ಟಿನ ಕೈಯನ್ನು ಉಡುಪಿಗೆ ಒರೆಸಿಕೊಳ್ಳುತ್ತ. ಕೋಟು ಕೂಡ ಹಾಕಿರಲಿಲ್ಲ. ಕ್ಲೆಮ್ ಇಳಿದ. ಅವಳು ಕುದುರೆಗಳ ಮುಂದೆ ಹೋಗಿ ಎರಡರ ಮೂಗನ್ನೂ ನೇವರಿಸಿದಳು. ಬೀಳ್ಕೊಡುತ್ತಿದ್ದಾಳೆ ಎಂದುಕೊಂಡೆ. ಅವಳೂ ಹಾಗೆಂದೇ ಬಂದಿದ್ದಳು, ಆಮೇಲೆ ಹೇಳಿದಳು.

“ನಿಮ್ದೇನೂ ತಪ್ಪಿಲ್ಲ ಬಿಡಿ,” ಎಂದಳು ಅವಕ್ಕೆ. ಪಕ್ಕಕ್ಕೆ ಸರಿದು, ಇನ್ನು ಲಾರಿಗೆ ಹೋಗಲಿ ಎಂದು ಬೆನ್ನು ತಟ್ಟಿ, ಯೋಚನೆ ಮಾಡದೆ, ಚಿಕ್ಕಂದಿನ ಅಭ್ಯಾಸದ ಬಲದಿಂದ ಅಂದುಬಿಟ್ಟಳು:

“ನಡೀರಿ ದೊರೆಗಳೇ.”

ಎರಡೂ ಒಂದೇ ಕಾಲಿಟ್ಟಂತೆ ಹೊರಟವು. ಖಾಲಿ ಗಾಡಿ ಅವಳನ್ನು ದಾಟಿ ಮುಂದೆ ಹೋಯಿತು.

ಕ್ಲೆಮ್ ನಗುವುದನ್ನು ನಿಲ್ಲಿಸಿದ. ಡೆಲ್ಲಾ ನಿಂತಲ್ಲೇ ನಿಂತಿದ್ದಳು. ಇಪ್ಪತ್ತು ಹೆಜ್ಜೆ ಹೋದ ಮೇಲೆ ಅವಳಿಗೆ ದನಿ ಬಂತು. ದನಿ ಎನ್ನುವಂತೆಯೂ ಇರಲಿಲ್ಲ.

“ಸಾಕು ದೊರೆಗಳೇ.”

ನಿಂತವು.

ನಾನು ಗುಡ್ಡದ ಕಡೆ ನೋಡಿದೆ. ಗುಡ್ಡದಾಚೆಗೆ ಎರಡು ಚಳಿಗಾಲ ಯಾರನ್ನೂ ಬರಗೊಡದೆ, ಹರಿದ ಗಂಟಲಲ್ಲಿ, ಹನ್ನೆರಡು ಗಂಡಸರ ಎದುರು ತಾನೇ ನಗೆಪಾಟಲು ಮಾಡಿದ್ದ ಮಾತನ್ನು ಅವನು ಪ್ರತಿದಿನ ಹೇಳಿರಬೇಕು. ಪಕ್ಕದವನನ್ನು ಕರೆದು ಕೂಗಿಸಲಿಲ್ಲ. ಲಗಾಮು ಜಗ್ಗಿ ನಿಲ್ಲಿಸಲಿಲ್ಲ. ‘ಹೊರಡು’ ಎಂಬ ಮಾತನ್ನೇ ಕಲಿಸಿರಲಿಲ್ಲ.

“ಬಡ್ಡೀಮಗ,” ಎಂದಳು ಡೆಲ್ಲಾ. ಕಣ್ಣಲ್ಲಿ ನೀರಿರಲಿಲ್ಲ, ಕಲೆಯ ಕೆನ್ನೆ ಕೆಂಪೇರಿತ್ತು. “ಹೇಳೋಕೆ ಏನಾಗಿತ್ತು ಅವನಿಗೆ? ಒಂದು ಮಾತು. ಬರೆದ್ನಲ್ಲ ಚೀಟಿ, ಅದರಲ್ಲಿ ಇನ್ನೊಂದು ಸಾಲು ಬರಿಯೋಕೆ ಕೈ ಬಿದ್ದೋಗಿತ್ತಾ?”

ನಾನೂ ಅದನ್ನೇ ಕೇಳುತ್ತಿದ್ದೆ. ಈಗಲೂ ಕೇಳುತ್ತೇನೆ. ಎರಡು ವರ್ಷದ ಈ ಕೆಲಸ ನಲವತ್ತೆರಡು ವರ್ಷವನ್ನು ತೊಳೆಯುವುದಿಲ್ಲ. ಮೇಲೆ ಬರೆದ ಯಾವ ಮಾತನ್ನೂ ನಾನು ಹೊಡೆದುಹಾಕುವುದಿಲ್ಲ.

ಜೋಲೀನ್ ತನ್ನ ಕೋಟು ಬಿಚ್ಚಿ ಅಮ್ಮನ ಹೆಗಲಿಗೆ ಹಾಕಿದಳು. ಡೆಲ್ಲಾ ಹಿಮದಲ್ಲಿ ನಡೆದುಹೋಗಿ ಗಾಡಿ ಹತ್ತಿದಳು. ಲಗಾಮನ್ನು ಬೆರಳುಗಳ ನಡುವೆ ಹಾಯಿಸಿಕೊಂಡು ತೂಕ ನೋಡಿದಳು. ಆಮೇಲೆ ಅದನ್ನು ಬಿಡಿಸಿ ಮುಂದಿನ ಗೂಟಕ್ಕೆ ಸುತ್ತಿ, ಕೈ ಬಿಟ್ಟು ನಿಂತಳು.

“ಇದನ್ನೆಲ್ಲ ಯಾವಾಗ ಕಲಿಸ್ದ ಅವ್ನು—” ಎಂದು ಕ್ಲೆಮ್ ಶುರು ಮಾಡಿದ.

“ನೀನು ಬಾಯಿ ಮುಚ್ಕೊಂಡಿರು, ಕ್ಲೆಮ್.”

ಮುಚ್ಚಿಕೊಂಡ. ದನಗಳು ನಿಂತಿದ್ದದ್ದು ಎಡಗಡೆ, ಬೇಲಿಯ ಗೇಟಿನಾಚೆ. ಡೆಲ್ಲಾ ಅವುಗಳನ್ನು ನೋಡಿದಳು, ಕುದುರೆಗಳ ಬೆನ್ನನ್ನು ನೋಡಿದಳು. ನಡೆಸುವ ಮಾತು, ನಿಲ್ಲಿಸುವ ಮಾತು ಅವನಿಗೆ ನೆನಪಿದ್ದಿರಬಹುದು. ಅದನ್ನು ಅಣಕಿಸಿದವನೇ ಅವನು. ತಿರುಗಿಸುವ ಮಾತನ್ನು ಅವನು ಅವಳ ಬಾಯಲ್ಲಿ ಕೇಳಿದ್ದು ಒಂದೇ ಮಧ್ಯಾಹ್ನ, ಮದುವೆಗೂ ಮುಂಚೆ, ಅವನು ಎರಡನೆಯವನಾಗಿ ಬಂದ ಆ ಪಂದ್ಯದಲ್ಲಿ.

“ನಡೀರಿ ದೊರೆಗಳೇ,” ಎಂದಳು. ನಡೆದವು. ಗೇಟಿನ ನೇರಕ್ಕೆ ಬಂದವು.

“ಒಲೆ ಕಡೆ.”

ಎರಡೂ ಕುದುರೆಗಳು ಎಡಕ್ಕೆ ತಿರುಗಿದವು.